ಎಡೆಯ ಕೋಣೆಯಲ್ಲಿ ಬಣ್ಣದ ಪಿಚ್ಚರ್

ಭಾವಾ,

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ. ಹೋದವರ ಮೇಲೆ ಸಿಟ್ಟು ಮಾಡಬಾರದು ಅಂತಾರೆ. ಸರಿ, ಆದರೆ ನೀವು ಮಾಡಿಟ್ಟು ಹೋದ ಕೆಲಸಕ್ಕೆ ಇನ್ನೇನು ಮಾಡಲಿ? ಬೈಂದೂರಿನ ನನ್ನ ಸ್ಟುಡಿಯೊದಲ್ಲಿ ನಿನ್ನೆ ಫೋಟೊ ತೆಗೆಸಲು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ದೀಪ ಹಚ್ಚಿ, ಕ್ಯಾಮೆರಾ ಮರೆತು ಸುಮ್ಮನೆ ನಿಂತುಬಿಟ್ಟಿದ್ದೆನಂತೆ. ಅವರೇ ಎದ್ದು ಬಂದು ಹುಷಾರಿಲ್ಲವಾ ಎಂದು ವಿಚಾರಿಸಿದರು. ಹುಷಾರಾಗಿಯೇ ಇದ್ದೇನೆ. ನಿಮ್ಮಿಂದಾಗಿ ತಲೆ ಮಾತ್ರ ನೆಟ್ಟಗಿಲ್ಲ.

ಮಹಾಲಯದ ದಿನ ಮಧ್ಯಾಹ್ನ ನಾನು ಬೀಜಾಡಿಗೆ ತಲುಪುವಾಗ ಅಕ್ಕ ಅಡುಗೆ ಮುಗಿಸಿದ್ದಳು. ನಿಮ್ಮ ವರ್ಷಾಂತ ಮುಗಿದ ಮೇಲಿನ ಮೊದಲ ಎಡೆಯಲ್ಲವೇ, ಒಂದೂ ಕಡಿಮೆಯಾಗಬಾರದೆಂದು ಅವಳ ಹಟ. ಕೋಳಿ ಸಾರು, ಉದ್ದಿನ ಕಡುಬು, ಒಣ ಸೀಗಡಿಯ ಚಟ್ಲಿ ಚಟ್ನಿ, ಮೂಲೆಯಲ್ಲಿ ತಟ್ಟೆ ಮುಚ್ಚಿದ ಒಂದು ಗ್ಲಾಸು. ಗ್ಲಾಸಿನಲ್ಲಿ ಏನಿತ್ತೆಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಮಗಳು ಸೌಮ್ಯ ಬ್ರಹ್ಮಾವರದಿಂದ ಬೆಳಿಗ್ಗೆಯೇ ಬಂದಿದ್ದಳು. ಎಲೆ ಬಡಿಸಿ ಎಲ್ಲರೂ ಕೈ ಮುಗಿದ ಮೇಲೆ ಅವಳು ಟಿವಿ ಹಚ್ಚಿ, ಅಪ್ಪನ ಮೆಚ್ಚಿನ ಪಿಚ್ಚರ್ ಹಾಕಿದ್ದೇನೆ, ಊಟ ಮಾಡುತ್ತಾ ನೋಡಲಿ ಎಂದಳು. ಎಂಥ ಮಗಳನ್ನು ಪಡೆದಿರಿ ಅಂದುಕೊಂಡೆ. ನೀವು ಬಂದು ಉಣ್ಣಲಿ ಎಂದು ಬಾಗಿಲೆಳೆದು ನಾವೆಲ್ಲ ಚಾವಡಿಯಲ್ಲಿ ಕೂತೆವು.

ಕೂತು ಬೆನ್ನು ಗೋಡೆಗೆ ತಾಗಿತ್ತೋ ಇಲ್ಲವೋ, ಒಳಗಿನಿಂದ ಪೀಪಿ, ಡೋಲು, ಹತ್ತಿಪ್ಪತ್ತು ಗಂಡಸರು ಒಟ್ಟಿಗೆ ಹಾಡುವ ಸದ್ದು. ಆ ಸದ್ದು ನನಗೆ ಗೊತ್ತು. ಅದು ನಿಮ್ಮ ಪಿಚ್ಚರ್ ಅಲ್ಲ. ನಿಮ್ಮ ಪಿಚ್ಚರನ್ನು ಕೆಡಿಸಿ, ಬಣ್ಣ ಬಳಿದು, ಕುಣಿತ ತುಂಬಿಸಿ ಮತ್ತೊಮ್ಮೆ ತೆಗೆದರಲ್ಲ, ಆ ದರಿದ್ರದ್ದು. ನಿಮ್ಮ ಎಡೆಯ ಎದುರಿಗೆ! ಕೋಳಿ ಸಾರಿನ ಪಕ್ಕದಲ್ಲಿ! ಬದುಕಿದ್ದಾಗ ಅದರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ಮನುಷ್ಯನನ್ನು ಸತ್ತ ಮೇಲೆ ಕೂರಿಸಿ...

ಕೋಟೇಶ್ವರದ ನಿಮ್ಮ ಹೋಟೆಲಿನ ಹಿಂದಿನ ಕೋಣೆ ನೆನಪಾಯಿತು. ಮಧ್ಯಾಹ್ನದ ಊಟದ ಗಿರಾಕಿ ಕರಗಿದ ಮೇಲೆ ನಾವಿಬ್ಬರೂ ಅಲ್ಲಿ ಗೋಣಿ ಮೂಟೆಗಳ ಮೇಲೆ ಕೂತು, ಸಣ್ಣ ಟಿವಿಯಲ್ಲಿ ಆ ಕಪ್ಪು–ಬಿಳುಪಿನದನ್ನು ಅದೆಷ್ಟು ಸಲ ನೋಡಿದೆವು! ಮದುವೆಗೆ ಮೊದಲು ಮುಂಬೈಯ ಹೋಟೆಲಿನಲ್ಲಿ ದುಡಿಯುವಾಗ ಹತ್ತಿರದ ಥಿಯೇಟರಿನ ಬೆಳಗಿನ ಆಟಕ್ಕೆ ನುಗ್ಗಿ ನೀವು ನೋಡಿದ್ದು ಅದು. ಇಂಗ್ಲಿಷ್ ಹೆಸರು ನಾಲಗೆಗೆ ಹತ್ತದೆ ನೀವು ‘ಬಂದರ್ ಪಿಚ್ಚರ್’ ಎಂದು ಕರೆದಿರಿ, ನನಗೂ ಅದೇ ಹೆಸರಾಯಿತು. ಒಂದು ಬಂದರು. ಹಗ್ಗ, ಲಾಟೀನು ಮಾರುವ ಅಂಗಡಿಯವನು. ದೂರದೇಶಕ್ಕೆ ಹೋಗಲು ಬಂದ ಹೆಣ್ಣು, ಸಮುದ್ರ ಕೆಟ್ಟು ಹಡಗು ಹೊರಡದ್ದರಿಂದ ಅವನ ಮಹಡಿಯಲ್ಲಿ ಉಳಿಯುತ್ತಾಳೆ. ಇಬ್ಬರೂ ಒಂದು ದಿನವಾದರೂ ಪ್ರೀತಿಯ ಮಾತಾಡುವುದಿಲ್ಲ. ಅಕ್ಕಿ ಬೆಲೆ, ಗಾಳಿಯ ದಿಕ್ಕು, ಇಷ್ಟೇ ಮಾತು.

ಆಮೇಲೆ ನಿಮ್ಮ ಪ್ರಾಣವಾಗಿದ್ದ ಆ ದೃಶ್ಯ. ಸಮುದ್ರ ಸರಿಯಾಗಿದೆ, ಹಡಗು ಹೊರಡಲಿದೆ. ಅವನು ಅವಳ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಾನೆ. ಅವನು ಹಾಕಿದ ಗಂಟು ಬಿಚ್ಚುವುದೇ ಇಲ್ಲ ಎಂದು ಇಡೀ ಬಂದರಿಗೆ ಗೊತ್ತು. ಅಂಥವನು ಕಟ್ಟಿದ್ದನ್ನು ನೋಡಿ, ಸರಿಯಾಗಲಿಲ್ಲ ಎಂಬಂತೆ ಬಿಚ್ಚುತ್ತಾನೆ. ಮತ್ತೆ ಕಟ್ಟುತ್ತಾನೆ. ಮತ್ತೆ ಬಿಚ್ಚುತ್ತಾನೆ. ಸಂಗೀತವಿಲ್ಲ, ಮಾತಿಲ್ಲ, ಹಗ್ಗ ತಗಡಿಗೆ ಉಜ್ಜುವ ಸದ್ದು ಮಾತ್ರ. ಕಡೆಗೆ ಹಡಗು ಕೂಗುತ್ತದೆ. ಅವನು ಗಂಟು ಬಿಗಿದು ಪೆಟ್ಟಿಗೆ ಕೊಡುತ್ತಾನೆ, ಅವಳು ಹೋಗುತ್ತಾಳೆ. ಮದುವೆಮನೆಗಳಲ್ಲಿ ಬೆಳಕು ಹಿಡಿದೇ ಬದುಕಿದ ನನಗೆ ಅವನ ಬೆರಳುಗಳ ಮೇಲೆ ಬಿದ್ದ ಬೆಳಕಿನ ಚಿಂತೆ. ನೀವು ಮಾತ್ರ ಆ ದೃಶ್ಯ ಬಂದಾಗ ಉಸಿರು ಹಿಡಿದು ಕೂರುತ್ತಿದ್ದಿರಿ. ಹಂಚಿನ ಮೇಲೆ ದೋಸೆ ಕರಟಿದರೂ ನಿಮಗೆ ಗೊತ್ತಾಗುತ್ತಿರಲಿಲ್ಲ.

ಬಣ್ಣದ್ದನ್ನು ನಾನು ಕುಂದಾಪುರದಿಂದ ಹುಡುಕಿ ತಂದ ದಿನವೂ ನೆನಪಿದೆ. ನಿಮ್ಮ ಬಂದರ್ ಪಿಚ್ಚರನ್ನು ಹಾಡು–ಕುಣಿತ ಸೇರಿಸಿ ಮತ್ತೆ ತೆಗೆದಿದ್ದಾರೆ ಎಂದು ಹುರುಪಿನಿಂದ ತಂದದ್ದು. ಅದೇ ಬಂದರು, ಅದೇ ಅಂಗಡಿ. ಆದರೆ ಅಂಗಡಿಯವನು ಬಾಗಿಲು ತೆರೆಯುವಾಗಲೂ ಹಾಡು, ಲಾಟೀನು ಒರೆಸುವಾಗಲೂ ಹಾಡು. ಮೊದಲಿನದರಲ್ಲಿ ಇಬ್ಬರೂ ಮುಚ್ಚಿಟ್ಟದ್ದನ್ನೆಲ್ಲ ಇದರಲ್ಲಿ ಬೀದಿಯ ಮಧ್ಯೆ ನಿಂತು ಊರಿಗೇ ಸಾರುತ್ತಾರೆ. ಹಡಗು ಹೊರಡುವ ಹೊತ್ತಿಗೆ ಪೀಪಾಯಿ ಉರುಳಿಸುವವರು, ಮೀನು ಮಾರುವವರು ಎಲ್ಲ ಸೇರಿ ಕುಣಿದು, ಕಡೆಗೆ ಅವಳು ಹಡಗಿನಿಂದ ಇಳಿದೇ ಬರುತ್ತಾಳೆ. ಹಗ್ಗದ ದೃಶ್ಯವೇ ಇಲ್ಲ. ಹೇಗಿರಬೇಕು? ಹಾಡುವವನ ಎರಡೂ ಕೈ ಗಾಳಿಯಲ್ಲಿ, ಹಗ್ಗ ಕಟ್ಟುವುದು ಯಾರು?

ಅರ್ಧಕ್ಕೇ ಎದ್ದು ನಿಂತು ನೀವು ಹೇಳಿದ ಮಾತನ್ನು ನಾನು ಎಷ್ಟು ಜನರ ಎದುರು ನನ್ನದೇ ಎಂಬಂತೆ ಹೇಳಿಕೊಂಡು ತಿರುಗಿದ್ದೇನೆ: “ಹೋಪವ್ಳನ್ ಕಳ್ಸುಕೆ ಬಂದವ ಹಾಡ್ ಹೇಳ್ತನಾ ಮಾರಾಯ?” ಯಕ್ಷಗಾನದಲ್ಲಿ ಸಾಯುವವನೂ ಕುಣಿದೇ ಸಾಯುತ್ತಾನಲ್ಲ ಭಾವ, ಅದಾಗುತ್ತದೆ, ಇದು ಯಾಕಾಗುವುದಿಲ್ಲ ಎಂದು ನಾನು ಕೆಣಕಿದ್ದೆ. ಅದು ಬೇರೆ ಎಂದು ಗದರಿ ನೀವು ಅಡುಗೆಮನೆಗೆ ಹೋದಿರಿ. ನಿಜಕ್ಕೂ ಎಂಥ ಶುದ್ಧ ರುಚಿ ಈ ಮನುಷ್ಯನದು ಎಂದು ನಾನು ಬೆರಗಾಗಿದ್ದೆ. ಅಂದಿನಿಂದ ಆ ಬಣ್ಣದ್ದು ನಮ್ಮಿಬ್ಬರ ಶತ್ರು. ಕ್ಯಾಸೆಟ್ ಹೋಗಿ ಸೀಡಿ ಬಂತು, ಸೀಡಿ ಹೋಗಿ ಪೆನ್‌ಡ್ರೈವ್ ಬಂತು, ನಮ್ಮ ದ್ವೇಷ ಮಾತ್ರ ಹಾಗೇ ಇತ್ತು.

ಈಗ ಹೇಳಿ, ಆ ಹಾಡು ಎಡೆಯ ಕೋಣೆಯಿಂದ ಕೇಳಿಬಂದರೆ ನಾನು ಸುಮ್ಮನಿರಲು ಸಾಧ್ಯವೇ? ಪಿಚ್ಚರ್ ತಪ್ಪಿಹೋಗಿದೆ, ನಿಲ್ಲಿಸುತ್ತೇನೆ ಎಂದು ಎದ್ದು ಬಾಗಿಲಿಗೆ ಕೈಹಾಕಿದೆ. ಅಕ್ಕ ಕೂತಲ್ಲಿಂದಲೇ ತಡೆದಳು. “ಉಂಬತಿಗೆ ಬಾಗ್ಲ್ ತೆಗುಕಾಗ. ಕೂಕೋ.” ಸತ್ತವರು ಉಣ್ಣುವ ಹೊತ್ತಿನಲ್ಲಿ ಬಾಗಿಲು ತೆಗೆದರೆ ಅರ್ಧಕ್ಕೇ ಎದ್ದು ಹೋಗುತ್ತಾರಲ್ಲ. ನಾನೇನು ಮಾಡಲಿ? ಮುಚ್ಚಿದ ಬಾಗಿಲಿನ ಹೊರಗೆ ಕೂತು ಆ ಹಾಡುಗಳನ್ನೆಲ್ಲ ಕೇಳಬೇಕಾಯಿತು. ನೀವು ಒಳಗೆ ಕಡುಬು ಮುರಿದು ಕೈಯಲ್ಲಿ ಹಿಡಿದು ನನ್ನನ್ನು ಬೈಯುತ್ತಿರುವಂತೆ ಅನಿಸಿತು.

ಅಕ್ಕ ನನ್ನ ಮುಖ ನೋಡಿ, ತಪ್ಪಿದ್ದಲ್ಲ, ನಾನೇ ಇದನ್ನು ಹಾಕಲು ಹೇಳಿದ್ದು ಎಂದಳು. ಇದು ಅವರ ಪಿಚ್ಚರೇ ಅಲ್ಲವಾ ಎಂದು ತಿರುಗಿ ನನ್ನನ್ನೇ ಕೇಳಿದಳು. ಆಮೇಲೆ ಅವಳು ಹೇಳುತ್ತಾ ಹೋದದ್ದನ್ನು ನಾನು ಬಾಯಿಬಿಟ್ಟುಕೊಂಡು ಕೇಳಿದೆ. ನಾನೂ ನೀವೂ ಸೇರಿದಾಗಲೆಲ್ಲ ಬಂದರ್ ಪಿಚ್ಚರ್ ಎನ್ನುತ್ತೇವೆ, ತನಗೂ ಒಮ್ಮೆ ತೋರಿಸಿ ಎಂದು ಅವಳು ಯಾವತ್ತೋ ದುಂಬಾಲು ಬಿದ್ದಳಂತೆ. ನೀವು ಕೆಲವು ದಿನ ಮುಂದೂಡಿ ಕಡೆಗೆ ಈ ಬಣ್ಣದ್ದನ್ನು ಹಾಕಿ, ಇದೇ ಅದು ಎಂದಿರಂತೆ. ಅದರ ನಂತರ ಹೋಟೆಲಿಗೆ ರಜೆಯಿದ್ದಾಗಲೆಲ್ಲ ಇಬ್ಬರೂ ಕೂತು ನೋಡುತ್ತಿದ್ದಿರಂತೆ. ನೀವು! ಆ ಕುಣಿತ! ಅಕ್ಕನ ಪಕ್ಕದಲ್ಲಿ ಕೂತು, ಕಡಲೆ ಸುಲಿಯುತ್ತಾ!

ಕೋಪ ಬಂದರೂ ತಡೆದುಕೊಂಡು ನಿಮ್ಮ ಪರವಾಗಿ ಒಂದು ಕಾರಣ ಹುಡುಕಿದೆ. ಅಕ್ಕನಿಗೆ ಇಂಗ್ಲಿಷ್ ಬಾರದು, ಮೊದಲಿನದರಲ್ಲಿ ಬರೀ ಮಾತು, ಇದರಲ್ಲಾದರೆ ಹಾಡು–ಕುಣಿತ ನೋಡಿಯಾದರೂ ಖುಷಿಪಡಲಿ ಎಂದು ಭಾವ ತ್ಯಾಗ ಮಾಡಿರಬೇಕು. ಹಾಗೆಂದುಕೊಂಡು, ಅಂತೂ ನಿನಗೆ ಇಷ್ಟವಾಯಿತಲ್ಲ ಎಂದೆ. ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಹೇಳಿದಳು: “ನಂಗಾ? ಆ ಕುಣ್ತ ಕಂಡ್ರೆ ತಲೆನೋವ್ ಬತ್ತಿತ್ತ್. ಅವ್ರಿಗೆ ಖುಷಿ ಅಲ್ದಾ ಅಂದೇಳಿ ಕೂಕಂತಿದ್ದೆ.”

ಭಾವಾ, ನಿಮಗೆ ಇದು ಗೊತ್ತಿರಲಿಲ್ಲ ತಾನೇ? ಇಷ್ಟು ವರ್ಷ ಒಂದೇ ಬೆಂಚಿನ ಮೇಲೆ ಕೂತು, ಇಬ್ಬರಿಗೂ ಬೇಡದ ಪಿಚ್ಚರನ್ನು ಇಬ್ಬರೂ ನೋಡಿದಿರಿ. ಸೌಮ್ಯ ನಕ್ಕಳು. ನನಗೆ ನಗು ಬರಲಿಲ್ಲ. ಇದು ನಿಜವಾದದ್ದಲ್ಲ, ನಿಜವಾದದ್ದು ಬೇರೆ ಇದೆ, ಕಪ್ಪು–ಬಿಳುಪಿನದು ಎಂದು ಆಗಲೇ ಹೇಳಿಬಿಟ್ಟೆ. ಅದನ್ನು ತಂದು ತೋರಿಸು, ಅವರಿಗೆ ಅದರಲ್ಲಿ ಏನು ಕಂಡಿತ್ತು ನೋಡುತ್ತೇನೆ ಎಂದಳು ಅಕ್ಕ. ಬಾಗಿಲು ತಟ್ಟಿ ಒಳಗೆ ಹೋದಾಗ ಹಾಡು ಮುಗಿದಿತ್ತು.

ಮೊನ್ನೆ ಭಾನುವಾರ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬೀಜಾಡಿಗೆ ಹೋದೆ. ನಿಜ ಹೇಳಲಾ, ಹೆಮ್ಮೆಯಿಂದಲೇ ಹೋದೆ. ನಿಮ್ಮ ಮರ್ಯಾದೆ ಉಳಿಸಲು ಹೊರಟಿದ್ದೇನೆ ಅಂತ! ಅಕ್ಕ ಕೆಲಸ ಮುಗಿಸಿ, ಕಾಲು ಚಾಚಿ, ಗೋಡೆಗೊರಗಿ ಕೂತಳು. ನಾನು ಒಂದೊಂದು ಮಾತನ್ನೂ ಕನ್ನಡ ಮಾಡಿ ಹೇಳುತ್ತಾ ಹೋದೆ. ಆ ಹೆಣ್ಣು ಅಕ್ಕಿ ಬೆಲೆ ಕೇಳುವಲ್ಲಿ ಅಕ್ಕ ನಕ್ಕಳು. ಅವನು ಮಹಡಿಯ ಮೆಟ್ಟಿಲ ಬುಡದಲ್ಲಿ ದೀಪ ಇಟ್ಟು ಹೋಗುವಲ್ಲಿ ಕಾಲು ಮಡಚಿ ಮುಂದೆ ಬಂದಳು. ಆಮೇಲೆ ನನ್ನ ಅನುವಾದವೇ ಬೇಡವಾಯಿತು, ಸುಮ್ಮನಿರು ಎಂದಳು. ನನಗೆ ಒಳಗೊಳಗೇ ಸಂಭ್ರಮ. ನೋಡಿದಿರಾ ಭಾವ, ಇವಳಿಗೆ ತಿಳಿಯುತ್ತದೆ, ನೀವೇ ದಡ್ಡರು ಎಂದುಕೊಂಡೆ.

ಹಗ್ಗದ ದೃಶ್ಯ ಬಂತು. ಅವನು ಕಟ್ಟಿದ. ಬಿಚ್ಚಿದ. ಅಕ್ಕ ಕೈ ಎತ್ತಿ ನಿಲ್ಲಿಸು ಎಂದಳು, ಹಿಂದಕ್ಕೆ ಹಾಕು ಎಂದಳು. ಮತ್ತೆ ಕಟ್ಟಿದ, ಬಿಚ್ಚಿದ. ಟಿವಿಯ ಕಡೆ ಬೆರಳು ಮಾಡಿ, ಬಹಳ ಮೆಲ್ಲಗೆ, “ಇದ್ ನಂದ್, ಮಾಣಿ” ಎಂದಳು.

ನಿಮ್ಮ ಮದುವೆಯಾದ ವರ್ಷ ಆಸಾಡಿಗೆ ಅಕ್ಕನನ್ನು ಶಿರೂರಿಗೆ ಕರೆದೊಯ್ಯಲು ನಾನು ಬಂದಿದ್ದೆನಲ್ಲ. ಹೊಸ ಮದುಮಗಳು ಆ ತಿಂಗಳು ತವರಿನಲ್ಲಿರಬೇಕು, ತಮ್ಮನೇ ಹೋಗಿ ಕರೆತರಬೇಕು. ಕೋಟೇಶ್ವರದಲ್ಲಿ ಬಸ್ಸು ಬಂದಾಗ ಸೀಟು ಹಿಡಿಯಲು ಓಡಿ ಹತ್ತಿದವನು ನಾನು. ಹಿಂದಿನ ಬಾಗಿಲಲ್ಲಿ ಅಕ್ಕ ಹತ್ತಿರಬಹುದು ಎಂದು ಟವೆಲ್ ಹಾಸಿದ ಸೀಟನ್ನು ಜನರಿಂದ ಕಾಪಾಡುತ್ತಾ ಕೂತೆ. ತ್ರಾಸಿ ದಾಟಿ ಕಡಲು ಕಂಡ ಮೇಲೆ ಹಿಂದೆ ನೋಡಿದರೆ ಅಕ್ಕ ಇಲ್ಲ. ಮನೆಗೆ ಒಬ್ಬನೇ ಹೋಗಿ ಅಪ್ಪನ ಎದುರು ನಿಂತ ಕಷ್ಟ ನನಗೇ ಗೊತ್ತು. ಮರುದಿನ ನೀವೇ ಅವಳನ್ನು ಕರೆತಂದಿರಿ. ತಲೆ ತಿರುಗಿತು, ಹತ್ತಲಾಗಲಿಲ್ಲ ಎಂದಳು ಅಕ್ಕ. ಅಮ್ಮ ಬೇರೇನೋ ಅರ್ಥಮಾಡಿಕೊಂಡು ನೆರೆಮನೆಗೆಲ್ಲ ಸುದ್ದಿ ಹಂಚಿದಳು. ಸೌಮ್ಯ ಹುಟ್ಟಿದ್ದು ಅದಾಗಿ ಎಷ್ಟು ಕಾಲದ ಮೇಲೆ!

ತಲೆ ತಿರುಗಿರಲಿಲ್ಲವಂತೆ. ಬಸ್ಸಿನ ಮೇಲೆ ಹಾಕಲು ಟ್ರಂಕಿಗೆ ಹಗ್ಗ ಕಟ್ಟುತ್ತೇನೆ ಎಂದು ನೀವು ಕೂತಿರಂತೆ. ಕಟ್ಟಿದಿರಿ, ಬಿಚ್ಚಿದಿರಿ. ಕಂಡಕ್ಟರ್ ಕೂಗಿದ, ನೀವು ಮತ್ತೆ ಕಟ್ಟಿದಿರಿ, ಮತ್ತೆ ಬಿಚ್ಚಿದಿರಿ. ಬಸ್ಸು ಹೊರಟುಹೋಯಿತು. ಬಸ್ಸು ಮರೆಯಾದ ಮೇಲೂ ನೀವು ತಲೆ ಎತ್ತಲಿಲ್ಲ, ಹಗ್ಗ ಕೈಯಲ್ಲೇ ಇತ್ತು ಎಂದಳು. ಮನೆಯಲ್ಲಿ ನೀವು ಎಷ್ಟು ಮಾತಾಡುತ್ತಿದ್ದಿರಿ ಎಂದು ನನಗೆ ಗೊತ್ತು. ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನೂ ನಾನು ಕೇಳಿಲ್ಲ, ಹ್ವಾಯ್ ಎಂದರೆ ಅವಳೇ ತಿಳಿದುಕೊಳ್ಳಬೇಕು. ಅಂಥ ಸಂಸಾರದಲ್ಲಿ ಅಕ್ಕ ಯಾರಿಗೂ ಹೇಳದೆ, ನನ್ನದು ಎಂದು ಇಟ್ಟುಕೊಂಡದ್ದು ಆ ಒಂದು ಗಳಿಗೆ. ನೀವು ಬಾಯಿಬಿಟ್ಟು ಹೇಳದ್ದನ್ನೆಲ್ಲ ಅವಳು ಅದರಿಂದಲೇ ತಿಳಿದುಕೊಂಡು ಬಾಳಿದ್ದಳು. ಈಗ ಅದು ಯಾವುದೋ ದೇಶದ ಯಾವನೋ ನಟನದ್ದು ಎಂದಾದರೆ, ಅವಳಿಗೆ ಉಳಿಯುವುದಾದರೂ...

ಅಕ್ಕ ಎದ್ದು ಬಾವಿಕಟ್ಟೆಯ ಕಡೆ ಹೋದಳು. ಟಿವಿಯಲ್ಲಿ ಅವನು ಹಗ್ಗ ಹಿಡಿದು ನಿಂತೇ ಇದ್ದ. ಒಂದೊಂದೇ ನನಗೆ ಹೊಳೆಯುತ್ತಾ ಹೋಯಿತು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಾತ್ರ ಆ ದೃಶ್ಯದ ಮಾತು. ಮನೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ನೀವು ಮೀನಿನ ಸುದ್ದಿ ತೆಗೆಯುತ್ತಿದ್ದಿರಿ. ಬಣ್ಣದ್ದನ್ನು ಅಕ್ಕನಿಗೆ ತೋರಿಸಿದ್ದು ತ್ಯಾಗವಲ್ಲ, ಏನೂ ಅಲ್ಲ. ಅದರಲ್ಲಿ ಹಗ್ಗವಿರಲಿಲ್ಲ, ಅಷ್ಟೇ! ಕದ್ದ ಮಾಲು ಇಲ್ಲದ ಅಂಗಡಿಗೆ ಮಾಲಿನ ಒಡತಿಯನ್ನು ಕರೆದುಕೊಂಡು ಹೋಗಿದ್ದಿರಿ. ನಾನು ನಿಮ್ಮನ್ನು ದೊಡ್ಡ ರಸಿಕ ಎಂದು ನಂಬಿ, ನಿಮ್ಮ ಮಾತು ಕಟ್ಟಿಕೊಂಡು ಊರವರ ಹತ್ತಿರವೆಲ್ಲ ಜಗಳವಾಡಿದೆ. ಅಷ್ಟು ಹೆದರಿದ್ದಿರಾ ಭಾವ ನೀವು? ಆ ದಿನವೇ ನಕ್ಕು, ಪಿಚ್ಚರ್‌ನಲ್ಲಿ ನೋಡಿ ಕಲಿತೆ ಮಾರಾಯ್ತಿ ಎಂದಿದ್ದರೆ ಅವಳು ಏನು ಮಾಡುತ್ತಿದ್ದಳು? ಅದನ್ನು ಹೇಳಲಾಗದೆ ಬೇಡದ ಹಾಡುಗಳನ್ನು ಸಾಯುವ ತನಕ ಕೇಳಿದಿರಲ್ಲ. ಬೈಯಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಒಳ್ಳೆಯ ಹೊತ್ತಾದ ಮೇಲೆ ಅಕ್ಕ ಮುಖ ತೊಳೆದು ಬಂದಳು. ನಾನು ಟಿವಿ ಆರಿಸಲು ಹೋದರೆ, ಪೂರ ಹಾಕು ಎಂದಳು. ಹಡಗು ಕೂಗಿತು, ಅವನು ಗಂಟು ಬಿಗಿದು ಪೆಟ್ಟಿಗೆ ಕೊಟ್ಟ, ಅವಳು ಹತ್ತಿದಳು. ಅವನು ಅಂಗಡಿಗೆ ಬಂದು ಲಾಟೀನುಗಳ ನಡುವೆ ಕೂತ. ಮುಗಿಯಿತು. ಅವಳು ತಿರುಗಿ ಬರುತ್ತಾಳಾ ಎಂದು ಅಕ್ಕ ಕೇಳಿದಳು. ಇಲ್ಲ ಅಕ್ಕ, ಇಷ್ಟೇ, ಇಲ್ಲಿಗೇ ಮುಗಿಯುತ್ತದೆ ಎಂದೆ. ಖಾಲಿ ಪರದೆಯನ್ನು ಅವಳು ಅದೆಷ್ಟು ಹೊತ್ತು ನೋಡಿದಳೋ.

“ಆ ಗಂಡ್ಸ್ ಗಂಟ್ ಹಾಕಿ ಕಳ್ಸ್ದ ಅಲ್ದಾ?” ಎಂದಳು ಅಕ್ಕ. “ನಮ್ಮವ್ರ್ ಬಸ್ಸೇ ಬಿಟ್ಟ್ರ್, ನನ್ನನ್ ಬಿಡ್ಲ. ಇದ್ ಅದಲ್ಲ.”

ನಾನು ಪಿಚ್ಚರ್ ವಿಷಯದಲ್ಲಿ ಇನ್ನು ಬಾಯಿ ಬಿಡುವುದಿಲ್ಲ ಭಾವ. ಇಷ್ಟು ಕಾಲ ಎರಡನ್ನು ಹಿಡಿದು ಯಾವುದು ಮೇಲು ಎಂದು ತೂಗಿದೆ. ಹಗ್ಗವಿದ್ದರೂ ಹೆಣ್ಣು ಹೋಗಿಬಿಡುವುದು ಒಂದು, ಹೆಣ್ಣು ಉಳಿದರೂ ಹಗ್ಗವಿಲ್ಲದ್ದು ಇನ್ನೊಂದು. ಮೂರನೆಯದನ್ನು ನೀವೇ ಕೋಟೇಶ್ವರದ ಬಸ್ ಸ್ಟಾಪಿನಲ್ಲಿ ತೆಗೆದಿದ್ದಿರಿ, ಯಾವ ಹಾಡೂ ಇಲ್ಲದೆ. ಆ ಹೊತ್ತಿಗೆ ನಾನು ಟವೆಲ್ ಹಾಸಿಕೊಂಡು ಬಸ್ಸಿನಲ್ಲಿ ಮುಂದೆ ಹೋಗಿಬಿಟ್ಟಿದ್ದೆ. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಇಳಿಯಲು ದಿನ ಬೇಕು.

ನಿಮಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಅದನ್ನು ಹೇಳಲೆಂದೇ ಇಷ್ಟು ಬರೆದೆ. ನಾನು ಹೊರಟು ಚಪ್ಪಲಿ ಮೆಟ್ಟುವಾಗ ಅಕ್ಕ ಬಾಗಿಲಿನ ತನಕ ಬಂದಳು. ನಿಮ್ಮನ್ನು ಕಡೆಯ ಸಲ ಆಸ್ಪತ್ರೆಗೆ ಕರೆದೊಯ್ದ ಆ ಬೆಳಗಿನ ಮಾತು ತೆಗೆದಳು. ಹೊರಗೆ ಕಾರು ನಿಂತಿತ್ತು, ನಾವೆಲ್ಲ ಬೇಗ ಬೇಗ ಎನ್ನುತ್ತಿದ್ದೆವು. ನೀವು ಕಾರಿನೊಳಗಿಂದ ಅವಳನ್ನೇ ನೋಡುತ್ತಿದ್ದಿರಂತೆ. ಅಂಗಳದ ಕಡೆ ಮುಖ ಮಾಡಿ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ:

“ನಾನ್ ಅವ್ರ ಬಟ್ಟೆ ಚೀಲ ಗಡಿಬಿಡಿಯಗೆ ಕಟ್ಟಿ ಕೊಟ್ಟ್‌ಬಿಟ್ಟೆ, ಮಾಣಿ. ಒಂದ್ ಸಲ ಬಿಚ್ಚಿ ಕಟ್ಟ್‌ಬೇಕಿತ್ತ್.”

ನಿಮ್ಮ ಭಾವಮೈದ